ಯಾರ ಸ್ವಾತಂತ್ರ್ಯ ಕೊಟ್ಟು ಯಾರ ಭದ್ರತೆ?

2000ನೇ ಇಸವಿಯ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಕಾಡುಗಳ್ಳ ವೀರಪ್ಪನ್ ನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಮುಂದಿನ 108 ದಿನಗಳನ್ನು ಕರ್ನಾಟಕ ಹೇಗೆ ಕಳೆಯಿತೆಂಬುದು ಒಂದು ಇಡೀ ತಲೆಮಾರಿಗೆ ನೆನಪಿದೆ: ಬಾಗಿಲೆಳೆದ ಅಂಗಡಿಗಳು, ಸ್ತಬ್ಧವಾದ ಚಿತ್ರೋದ್ಯಮ, ಕಾಡಿನಿಂದ ಬರುತ್ತಿದ್ದ ಕ್ಯಾಸೆಟ್‌ಗಳು, ಸಂಧಾನಕ್ಕೆ ಹೋಗಿ ಬರುತ್ತಿದ್ದ ತಮಿಳು ಪತ್ರಕರ್ತ ನಕ್ಕೀರನ್ ಗೋಪಾಲ್. ಆ ದಿನಗಳ ಚರ್ಚೆಯಲ್ಲಿ ಪದೇ ಪದೇ ಬಂದು, ಅಣ್ಣಾವ್ರು ಮನೆಗೆ ಮರಳಿದ ಕೂಡಲೇ ಮರೆತುಹೋದ ಒಂದು ಸಂಗತಿಯಿದೆ. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಟಾಡಾ ಎಂಬ ಉಗ್ರವಾದ ತಡೆ ಕಾಯ್ದೆಯಡಿ ಮೈಸೂರು ಜೈಲಿನಲ್ಲಿದ್ದ ಕೈದಿಗಳ ಬಿಡುಗಡೆಯೂ ಒಂದಾಗಿತ್ತು. ಸುಮಾರು ಐವತ್ತು ಮಂದಿ. ಹೆಚ್ಚಿನವರು ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಹಳ್ಳಿಗಳ ಬಡವರು. 1993ರ ಆಸುಪಾಸಿನಲ್ಲಿ ಬಂಧಿತರಾಗಿ ಏಳು ವರ್ಷ ಕಳೆದರೂ ಅಪರಾಧಿಗಳು ಎಂದಾಗಲಿ, ಅಲ್ಲ ಎಂದಾಗಲಿ ತೀರ್ಪು ಕಾಣದವರು. ಸ್ವಾತಂತ್ರ್ಯ ದೊಡ್ಡದೋ ಭದ್ರತೆ ದೊಡ್ಡದೋ ಎಂಬ ಚರ್ಚೆ ಎದ್ದಾಗಲೆಲ್ಲ ನಾವು ದೂರದ ದೇಶಗಳ ಉದಾಹರಣೆ ಹುಡುಕುತ್ತೇವೆ. ನಮ್ಮದೇ ನೆಲದ ಈ ಐವತ್ತು ಮಂದಿಗೆ ಏನಾಯಿತೆಂದು ಒಮ್ಮೆ ಗಮನವಿಟ್ಟು ನೋಡಿದರೆ, ಆ ಪ್ರಶ್ನೆಯನ್ನು ನಾವು ಕೇಳುತ್ತಿರುವ ರೀತಿಯೇ ಸರಿಯಿಲ್ಲ ಎಂದು ತಿಳಿಯುತ್ತದೆ.

ಅವರನ್ನು ಹಿಡಿದದ್ದು ಭದ್ರತೆಯ ಹೆಸರಿನಲ್ಲಿ. ಭಯಕ್ಕೆ ಕಾರಣವಿರಲಿಲ್ಲ ಎಂದು ಯಾರೂ ಹೇಳಲಾರರು. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆ, 1992ರ ಆಗಸ್ಟ್‌ನಲ್ಲಿ ಮೀಣ್ಯದ ಬಳಿ ಎಸ್ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಪೊಲೀಸರ ಹತ್ಯೆ, 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬ್ ಸ್ಫೋಟದಲ್ಲಿ 22 ಜನರ ಸಾವು. ಇಷ್ಟು ರಕ್ತ ಹರಿದ ಮೇಲೆ ಸರ್ಕಾರ ಕೈಗೆ ಸಿಕ್ಕ ಅತ್ಯಂತ ಕಠಿಣ ಕಾನೂನನ್ನು ಬಳಸಿತು. ಏಳು ವರ್ಷಗಳ ನಂತರ ಅದೇ ಜನರನ್ನು ಬಿಡಲು ಹೊರಟದ್ದೂ ಭದ್ರತೆಯ ಹೆಸರಿನಲ್ಲೇ. ರಾಜ್‌ಕುಮಾರ್ ಅವರಿಗೆ ಏನಾದರೂ ಆದರೆ ಕನ್ನಡಿಗರು ಮತ್ತು ತಮಿಳರ ನಡುವೆ ಹೊತ್ತಿಕೊಳ್ಳುವ ಬೆಂಕಿಯನ್ನು ಆರಿಸಲಾಗದು ಎಂಬ ಕಾರಣ ಕೊಟ್ಟು ಸರ್ಕಾರ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು, ಮೈಸೂರಿನ ವಿಶೇಷ ನ್ಯಾಯಾಲಯ ಅದಕ್ಕೆ ಒಪ್ಪಿತು. ಆಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು ಹತರಾದ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. 2000ದ ನವೆಂಬರ್ 7ರಂದು ಕೋರ್ಟು ಆ ಒಪ್ಪಿಗೆಯನ್ನು ರದ್ದುಮಾಡಿತು. ಕಾಡುಗಳ್ಳನೊಬ್ಬನ ಬೆದರಿಕೆಗೆ ನ್ಯಾಯಾಲಯದ ಮುಂದಿರುವ ಪ್ರಕರಣವನ್ನು ಬಲಿಕೊಡಬಾರದು ಎಂಬ ಆ ತಂದೆಯ ನಿಲುವು ಖಂಡಿತ ನ್ಯಾಯವಾದದ್ದು. ಮಗನನ್ನು ಕರ್ತವ್ಯದ ಮೇಲೆ ಕಳೆದುಕೊಂಡವರು ಇಡೀ ರಾಜ್ಯ ಭಾವುಕವಾಗಿದ್ದ ಹೊತ್ತಿನಲ್ಲಿ ಒಬ್ಬಂಟಿಯಾಗಿ ಕಾನೂನಿನ ಪರ ನಿಂತರು ಎಂಬುದನ್ನು ಈ ನಾಡು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಜೈಲಿನ ಒಳಗಿದ್ದವರ ಕಡೆಯಿಂದ ಇದನ್ನೇ ನೋಡಿ. ಭದ್ರತೆಗಾಗಿ ಅವರನ್ನು ಒಳಗಿಡಲಾಯಿತು, ಭದ್ರತೆಗಾಗಿ ಹೊರಗೆ ಬಿಡಲು ಹೊರಟರು, ಕಾನೂನಿನ ಮರ್ಯಾದೆ ಉಳಿಸುವುದಕ್ಕಾಗಿ ಮತ್ತೆ ಒಳಗೇ ಉಳಿಸಲಾಯಿತು. ಈ ಮೂರೂ ಸಂದರ್ಭಗಳಲ್ಲಿ ನಿರ್ಣಾಯಕವಾಗಬೇಕಿದ್ದ ಪ್ರಶ್ನೆ ಒಂದೇ: ಈ ಮನುಷ್ಯ ಅಪರಾಧ ಮಾಡಿದ್ದಾನೆಯೇ? ಮೂರು ಸಲವೂ ಆ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಉತ್ತರ ಬಂದದ್ದು 2001ರಲ್ಲಿ. ವಿಶೇಷ ನ್ಯಾಯಾಲಯದ ತೀರ್ಪಿನಲ್ಲಿ, ಜೈಲಿನ ಹೊರಗಿದ್ದವರೂ ಸೇರಿ, ನೂರಕ್ಕೂ ಹೆಚ್ಚು ಆರೋಪಿಗಳು ಖುಲಾಸೆಯಾದರು, ಶಿಕ್ಷೆಯಾದವರ ಸಂಖ್ಯೆ ಇಪ್ಪತ್ತನ್ನೂ ಮುಟ್ಟಲಿಲ್ಲ. ಇದರ ಅರ್ಥ, ಅವರನ್ನು ಹಿಡಿದಾಗ ನಾಡಿಗೆ ಎಷ್ಟು ಭದ್ರತೆ ಸಿಕ್ಕಿತ್ತೋ ಬಿಟ್ಟಾಗಲೂ ಬಹುಪಾಲು ಅಷ್ಟೇ ಇತ್ತು. ಹೋದದ್ದು ಅವರ ಆಯಸ್ಸಿನ ವರ್ಷಗಳು, ಆ ವರ್ಷಗಳಲ್ಲಿ ಬೀಳು ಬಿದ್ದ ಹೊಲಗಳು, ಅಪ್ಪನಿಲ್ಲದೆ ದೊಡ್ಡವರಾದ ಮಕ್ಕಳು.

ಸ್ವಾತಂತ್ರ್ಯ ಒಂದು ತಟ್ಟೆಯಲ್ಲಿ, ಭದ್ರತೆ ಇನ್ನೊಂದು ತಟ್ಟೆಯಲ್ಲಿ ಇರುವ ತಕ್ಕಡಿಯ ಚಿತ್ರವನ್ನು ನಮ್ಮ ರಾಜಕಾರಣಿಗಳೂ ಟಿ.ವಿ. ಚರ್ಚೆಗಳೂ ಎಷ್ಟು ಸಲ ತೋರಿಸಿವೆಯೆಂದರೆ, ಅದನ್ನು ನಾವು ಪ್ರಶ್ನಿಸುವುದನ್ನೇ ಬಿಟ್ಟಿದ್ದೇವೆ. ಸ್ವಲ್ಪ ಸ್ವಾತಂತ್ರ್ಯ ಕೊಡಿ, ಅಷ್ಟು ಭದ್ರತೆ ತೆಗೆದುಕೊಳ್ಳಿ ಎಂಬ ಲೆಕ್ಕ ಅದು. ಈ ಲೆಕ್ಕದಲ್ಲಿ ಎರಡು ಮೋಸಗಳಿವೆ ಎಂಬುದು ನನ್ನ ವಾದ. ಮೊದಲನೆಯದು, ಕೊಡುವವರು ಮತ್ತು ಪಡೆಯುವವರು ಒಂದೇ ಜನವಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಕಠಿಣ ಕಾನೂನು ಬೇಕು ಎನ್ನುವವನು ತನ್ನ ಸ್ವಾತಂತ್ರ್ಯವನ್ನು ಒತ್ತೆಯಿಡುವುದಿಲ್ಲ, ಹನೂರಿನ ಕಾಡಂಚಿನ ಕೂಲಿಕಾರನದ್ದನ್ನು ಇಡುತ್ತಾನೆ. ಎರಡನೆಯದು ಇನ್ನೂ ಮುಖ್ಯ: ಕೊಟ್ಟ ಸ್ವಾತಂತ್ರ್ಯಕ್ಕೆ ಪ್ರತಿಯಾಗಿ ಭದ್ರತೆ ಬಂತೇ ಎಂದು ಯಾರೂ ಲೆಕ್ಕ ಕೇಳುವುದಿಲ್ಲ. ಕೇಳಿದರೆ ಸಿಗುವ ಉತ್ತರ ಕಹಿಯಾದದ್ದು.

ವೀರಪ್ಪನ್ ವಿಷಯದಲ್ಲೇ ಆ ಲೆಕ್ಕ ನೋಡೋಣ. ಟಾಡಾ 1995ರ ಮೇ ತಿಂಗಳಲ್ಲಿ ಅವಧಿ ಮುಗಿದು ಇಲ್ಲವಾಯಿತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ. ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆ ತಿಂಗಳುಗಟ್ಟಲೆ ಮಾಹಿತಿ ಕಲೆಹಾಕಿ, ತನ್ನವರನ್ನು ಅವನ ಗುಂಪಿನ ಹತ್ತಿರಕ್ಕೆ ನುಗ್ಗಿಸಿ, ಆಂಬುಲೆನ್ಸ್‌ನಲ್ಲಿ ಅವನು ಕಾಡಿನಿಂದ ಹೊರಬರುವಂತೆ ಮಾಡಿತು. ನೂರಾರು ಹಳ್ಳಿಗರನ್ನು ವರ್ಷಗಟ್ಟಲೆ ಕೂಡಿಹಾಕಿದ ಕಾನೂನು ಸಾಧಿಸದೆ ಬಿಟ್ಟದ್ದನ್ನು ತಾಳ್ಮೆಯ ಬೇಹುಗಾರಿಕೆ ಸಾಧಿಸಿತು. ಬೇಹುಗಾರಿಕೆ ನಡೆಯಬೇಕಾದರೆ ಜನ ಮಾತಾಡಬೇಕು. 90ರ ದಶಕದ ಆ ಹಳ್ಳಿಗಳಲ್ಲಿ ಪೊಲೀಸರಿಗೆ ಸುಳಿವು ಕೊಟ್ಟನೆಂಬ ಅನುಮಾನ ಬಂದರೆ ವೀರಪ್ಪನ್ ಕೊಲ್ಲುತ್ತಿದ್ದ, ವೀರಪ್ಪನ್‌ಗೆ ಅಕ್ಕಿ ಕೊಟ್ಟನೆಂಬ ಅನುಮಾನ ಬಂದರೆ ಕಾರ್ಯಪಡೆ ಎತ್ತಿಕೊಂಡು ಹೋಗುತ್ತಿತ್ತು. ಮಹದೇಶ್ವರ ಬೆಟ್ಟದಲ್ಲಿ ವಿಚಾರಣೆಯ ಹೆಸರಿನಲ್ಲಿ ಚಿತ್ರಹಿಂಸೆ ನಡೆಯುತ್ತಿದ್ದ ಜಾಗವನ್ನು ಜನ ‘ವರ್ಕ್‌ಶಾಪ್’ ಎಂದೇ ಕರೆದರು. ಎರಡೂ ಕಡೆಯಿಂದ ಏಟು ತಿನ್ನುವವನು ಬಾಯಿ ಬಿಡುತ್ತಾನೆಯೇ? ಕಾರ್ಯಪಡೆಯ ಮೇಲಿನ ಈ ದೂರುಗಳ ತನಿಖೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಂತ್ರಸ್ತರ ಹೇಳಿಕೆಗಳನ್ನು ದಾಖಲಿಸಿದ ಆ ಸಮಿತಿಯ ವರದಿಯನ್ನು ಆಧರಿಸಿ ಆಯೋಗ 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಹೇಳಿತು. ಹಣ ಕೆಲವರಿಗಾದರೂ ತಲುಪಿತು. ಆದರೆ ಪೊಲೀಸರನ್ನು ನಂಬುವ ಅಭ್ಯಾಸ ಒಮ್ಮೆ ಸತ್ತ ಮೇಲೆ ಅದನ್ನು ಯಾವ ಪರಿಹಾರದ ಮೊತ್ತವೂ ಎಬ್ಬಿಸಲಾರದು, ಮತ್ತು ಆ ನಂಬಿಕೆಯೇ ಭದ್ರತೆಯ ಅಡಿಪಾಯ.

ಇದು ಕರ್ನಾಟಕದ ಒಂದು ಮೂಲೆಯ ವಿಚಿತ್ರ ಪ್ರಕರಣವೆಂದು ತಳ್ಳಿಹಾಕುವಂತಿಲ್ಲ. 1985ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ನೆರಳಿನಲ್ಲಿ, ಪಂಜಾಬಿನ ಉಗ್ರವಾದವನ್ನು ಎದುರಿಸಲೆಂದು ತಾತ್ಕಾಲಿಕವಾಗಿ ತಂದ ಟಾಡಾ ಹತ್ತು ವರ್ಷ ಬದುಕಿತು. ಎಸ್ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆ ಅದರಲ್ಲಿ ಸಾಕ್ಷ್ಯವಾಗುತ್ತಿತ್ತು. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗದ ಹೊರತು ಜಾಮೀನಿಲ್ಲ. ಈ ಕಾನೂನಿನಡಿ ದೇಶದಲ್ಲಿ 76 ಸಾವಿರಕ್ಕೂ ಹೆಚ್ಚು ಜನ ಬಂಧಿತರಾದರು. ಶಿಕ್ಷೆಯಾದದ್ದು ನೂರಕ್ಕೆ ಇಬ್ಬರಿಗೂ ಇಲ್ಲ. ಉಗ್ರವಾದದ ಗಂಧವಿಲ್ಲದ ಗುಜರಾತ್ ರಾಜ್ಯವೊಂದರಲ್ಲೇ ಸುಮಾರು 19 ಸಾವಿರ ಮಂದಿಯ ಮೇಲೆ ಅದನ್ನು ಹೇರಲಾಯಿತು. ರಾಜೀವ್ ಗಾಂಧಿ ಹತ್ಯೆಗಿಂತ ದೊಡ್ಡ ಭದ್ರತಾ ಪ್ರಕರಣ ಬೇಕೆ? ಆ ಹಂತಕರ ಬೇಟೆಯ ಕೊನೆಯ ಅಂಕ ನಡೆದದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ. ಆ ಪ್ರಕರಣದಲ್ಲಿ ಟಾಡಾ ನ್ಯಾಯಾಲಯ 1998ರಲ್ಲಿ ಎಲ್ಲ 26 ಆರೋಪಿಗಳಿಗೂ ಮರಣದಂಡನೆ ವಿಧಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಇದು ಟಾಡಾ ವ್ಯಾಪ್ತಿಗೆ ಬರುವ ಅಪರಾಧವೇ ಅಲ್ಲವೆಂದು ಹೇಳಿ, ನಾಲ್ವರ ಮರಣದಂಡನೆ ಎತ್ತಿಹಿಡಿದು, ಮೂವರಿಗೆ ಜೀವಾವಧಿ ಕೊಟ್ಟು, 19 ಮಂದಿಯನ್ನು ಬಿಡುಗಡೆ ಮಾಡಿತು. ಮೇಲ್ಮನವಿಯೆಂಬ ಹಕ್ಕು ಇರದಿದ್ದರೆ ಆ 19 ಜನ ನೇಣಿಗೆ ಹೋಗುತ್ತಿದ್ದರು, ನಾವು ಸುರಕ್ಷಿತರಾದೆವೆಂದು ಭಾವಿಸಿ ಸುಮ್ಮನಾಗುತ್ತಿದ್ದೆವು.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ವ್ಯಕ್ತಿಯ ಸ್ವಾತಂತ್ರ್ಯ ಚಿಕ್ಕದು, ರಾಷ್ಟ್ರದ ಸ್ವಾತಂತ್ರ್ಯ ದೊಡ್ಡದು. ದೇಶವೇ ಉಳಿಯದಿದ್ದರೆ ಹಕ್ಕುಗಳನ್ನು ಯಾರು ಕಾಯುತ್ತಾರೆ ಎನ್ನುತ್ತಾರೆ. ಹೀಗೆ ಹೇಳುವವರೆಲ್ಲ ದಬ್ಬಾಳಿಕೆಯ ಪರ ಇರುವವರಲ್ಲ. 1950ರ ಫೆಬ್ರುವರಿಯಲ್ಲಿ, ಗಣರಾಜ್ಯಕ್ಕೆ ಒಂದು ತಿಂಗಳಾಗಿದ್ದಾಗ, ಮುಂಜಾಗ್ರತಾ ಬಂಧನದ ಮಸೂದೆ ತಂದವರು ಸರ್ದಾರ್ ಪಟೇಲ್. ಅದಕ್ಕಾಗಿ ನಿದ್ದೆಯಿಲ್ಲದ ರಾತ್ರಿಗಳನ್ನು ಕಳೆದೆನೆಂದು ಅವರು ಸಂಸತ್ತಿನಲ್ಲಿ ಹೇಳಿಕೊಂಡಿದ್ದರು. ವಿಭಜನೆಯ ಗಾಯ ಹಸಿಯಾಗಿತ್ತು, ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ನಡೆದಿತ್ತು. ಅವರ ಸಂಕಟ ನಿಜವಾದದ್ದು. ಆದರೂ ಒಂದು ವರ್ಷಕ್ಕೆಂದು ತಂದ ಆ ಕಾಯ್ದೆಯನ್ನು ಮತ್ತೆ ಮತ್ತೆ ವಿಸ್ತರಿಸಿ 1969ರವರೆಗೆ ಎಳೆಯಲಾಯಿತು. 1971ರಲ್ಲಿ ಅದರ ಜಾಗಕ್ಕೆ ಆಂತರಿಕ ಭದ್ರತಾ ಕಾಯ್ದೆ ಮೀಸಾ ಬಂತು. ಕಾನೂನು ತಂದವರ ಅಳುಕು ಕಾನೂನಿನ ಜೊತೆ ಮುಂದಿನವರಿಗೆ ಹಸ್ತಾಂತರವಾಗುವುದಿಲ್ಲ. ಅಧಿಕಾರವಷ್ಟೇ ಹಸ್ತಾಂತರವಾಗುತ್ತದೆ.

ಇನ್ನು ರಾಷ್ಟ್ರದ ಸ್ವಾತಂತ್ರ್ಯವನ್ನೂ ವ್ಯಕ್ತಿಯ ಸ್ವಾತಂತ್ರ್ಯವನ್ನೂ ಎದುರುಬದುರು ನಿಲ್ಲಿಸುವ ಈ ಮಾತು ನಮ್ಮ ಚರಿತ್ರೆಗೆ ಒಪ್ಪುವುದಿಲ್ಲ. 1919ರಲ್ಲಿ ದೇಶ ಎದ್ದು ನಿಂತದ್ದು ವಿಚಾರಣೆಯಿಲ್ಲದೆ ಕೂಡಿಹಾಕುವ ರೌಲಟ್ ಕಾಯ್ದೆಯ ವಿರುದ್ಧ. ಜಲಿಯನ್‌ವಾಲಾ ಬಾಗ್‌ನ ಹಿನ್ನೆಲೆಯಲ್ಲಿದ್ದದ್ದು ಆ ಚಳವಳಿಯೇ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡಿಗೆ ಎದೆಯೊಡ್ಡಿದ ಜನ ಸೇರಿದ್ದು ನಿಷೇಧಾಜ್ಞೆಯನ್ನು ಮೀರಿ. ಸಭೆ ಸೇರುವುದು, ಬಾವುಟ ಹಾರಿಸುವುದು, ಮಾತಾಡುವುದು ಇವೇ ಅಂದು ರಾಷ್ಟ್ರದ ಸ್ವಾತಂತ್ರ್ಯದ ರೂಪಗಳಾಗಿದ್ದವು. ವ್ಯಕ್ತಿಯ ಸ್ವಾತಂತ್ರ್ಯವನ್ನು ಬದಿಗಿಟ್ಟು ಗೆದ್ದ ರಾಷ್ಟ್ರದ ಸ್ವಾತಂತ್ರ್ಯ ಎಂಬುದೊಂದು ನಮ್ಮಲ್ಲಿ ಇರಲೇ ಇಲ್ಲ.

ಸ್ವಾತಂತ್ರ್ಯವಿಲ್ಲದ ದೇಶ ಎಷ್ಟು ಅಭದ್ರವಾಗಿರುತ್ತದೆ ಎಂಬುದಕ್ಕೆ 1943ರ ಬಂಗಾಳಕ್ಕಿಂತ ಭೀಕರ ಸಾಕ್ಷಿ ಇಲ್ಲ. ಅದರ ಹಿಂದಿನ ವರ್ಷ ಜಪಾನಿ ಸೇನೆ ಬರ್ಮಾವನ್ನು ವಶಪಡಿಸಿಕೊಂಡಿತ್ತು. ಶತ್ರುವಿನ ಕೈಗೆ ಸಿಗಬಾರದೆಂಬ ಭದ್ರತೆಯ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಬಂಗಾಳದ ಕರಾವಳಿ ಜಿಲ್ಲೆಗಳಿಂದ ಅಕ್ಕಿ ದಾಸ್ತಾನು ತೆಗೆಸಿತು, ಸಾವಿರಾರು ದೋಣಿಗಳನ್ನು ಕಿತ್ತುಕೊಂಡಿತು ಅಥವಾ ನಾಶಮಾಡಿತು. ಮೀನುಗಾರನ ಬದುಕು ಹೋಯಿತು, ನದಿ ದಾಟಿ ಉಳುಮೆಗೆ ಹೋಗುವ ದಾರಿ ಹೋಯಿತು, ಅಕ್ಕಿ ಸಾಗಣೆ ನಿಂತಿತು. ಬೆಲೆ ಏರಿತು, ಕೂಲಿ ಏರಲಿಲ್ಲ. ಯುದ್ಧಕಾಲದ ಸೆನ್ಸಾರ್ ಇದ್ದುದರಿಂದ ಬರಗಾಲದ ಸುದ್ದಿ ಹೊರಗೆ ಬರಲಿಲ್ಲ. ಕೊನೆಗೆ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್‌ನಲ್ಲಿ ಬೀದಿ ಹೆಣಗಳ ಚಿತ್ರಗಳನ್ನು ಅಚ್ಚುಮಾಡಿದ ಮೇಲೆ ಲೋಕಕ್ಕೆ ವಿಷಯ ತಿಳಿಯಿತು. ಸುಮಾರು 30 ಲಕ್ಷ ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಪತ್ರಿಕೆಗಳು ಸ್ವತಂತ್ರವಾಗಿರುವ, ಚುನಾವಣೆ ನಡೆಯುವ ಪ್ರಜಾಪ್ರಭುತ್ವದಲ್ಲಿ ಇಂಥ ಕ್ಷಾಮ ಸಂಭವಿಸಿಲ್ಲ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿಕೊಟ್ಟಿದ್ದಾರೆ. ಶತ್ರುವಿನಿಂದ ಬಂಗಾಳವನ್ನು ಕಾಯಲೆಂದು ಮಾಡಿದ್ದು ಬಂಗಾಳದ ಜನರನ್ನೇ ಕೊಂದಿತು; ಕೊಲ್ಲುತ್ತಿದೆ ಎಂದು ಹೇಳುವ ಸ್ವಾತಂತ್ರ್ಯ ಆ ಜನರಿಗೆ ಇರಲಿಲ್ಲ. ಹೀಗಿರುವಾಗ ಸ್ವಾತಂತ್ರ್ಯವನ್ನು ಹೊಟ್ಟೆ ತುಂಬಿದವರ ಅಲಂಕಾರವೆಂದು ಹೇಗೆ ಹೇಳುವುದು? ಹಸಿದವನ ಕೂಗು ಆಳುವವರ ಕಿವಿ ತಲುಪುವ ದಾರಿ ಅದು.

ತುರ್ತುಪರಿಸ್ಥಿತಿಯ ಬಗ್ಗೆ ಬಹಳ ಬರೆಯಲಾಗಿದೆ. ಇಲ್ಲಿ ಬೇಕಾದಷ್ಟನ್ನೇ ಹೇಳುತ್ತೇನೆ. 1975ರ ಜೂನ್ 25ರ ರಾತ್ರಿ ಅದನ್ನು ಹೇರಲು ಕೊಟ್ಟ ಕಾರಣವೂ ಆಂತರಿಕ ಭದ್ರತೆಯೇ. ಆ ಕಾಲದ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ಲೆಕ್ಕದಂತೆ ಒಂದು ಲಕ್ಷಕ್ಕೂ ಹೆಚ್ಚು ಜನ ಬಂಧಿತರಾದರು. ಬೆಂಗಳೂರಿಗೆ ಸಂಸದೀಯ ಸಮಿತಿಯ ಸಭೆಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮರುದಿನವೇ ಇಲ್ಲಿನ ಸೆಂಟ್ರಲ್ ಜೈಲು ಸೇರಿದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಅದೇ ಜೈಲಿಗೆ ಹಾಕಲಾಯಿತು. ಅವರು ಆಸ್ತಮಾ ರೋಗಿ. ಅವರನ್ನು ಹಿಡಿದದ್ದು ಸ್ಫೋಟದ ಸಂಚಿನ ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ; ಅದರ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಆದರೂ ಮೀಸಾ ಅಡಿ ಒಳಗಿದ್ದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಮಹಿಳೆಯನ್ನು ಕೂಡಿಹಾಕಿದ್ದರಿಂದ ಭಾರತದ ಯಾವ ಗಡಿ ಭದ್ರವಾಯಿತು ಎಂದು ಅಂದು ಕೇಳಲು ಪತ್ರಿಕೆಗಳಿಗೆ ಅವಕಾಶವಿರಲಿಲ್ಲ. ಬಂಧಿತರ ಅರ್ಜಿಗಳನ್ನು ಕೇಳಬಹುದೆಂದು ಹೇಳಿದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು ಎಂಬುದು ನಮಗೆ ಹೆಮ್ಮೆಯ ವಿಷಯ. ಆದರೆ 1976ರ ಏಪ್ರಿಲ್ 28ರಂದು ಜಬಲ್‌ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಆ ಬಾಗಿಲನ್ನು ಮುಚ್ಚಿದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು, ಅದರ ಬೆಲೆಯಾಗಿ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟ ಮಾತುಗಳಲ್ಲಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನವೂ ಮೂಲಭೂತ ಹಕ್ಕು ಎಂದು ಸಾರಿದ ಪ್ರಕರಣದಲ್ಲಿ. ಅದರ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಪ್ಪೊಂದನ್ನು ತಿದ್ದಲು ನಾಲ್ಕು ದಶಕ ಬೇಕಾಯಿತು.

ಸಾಮಾನ್ಯ ಕಾನೂನಿನಿಂದ ಉಗ್ರರನ್ನು ಹಿಡಿಯಲಾಗದು, ಸಾಕ್ಷಿಗಳು ಹೆದರುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಪೊಲೀಸ್ ಅಧಿಕಾರಿಗಳು ಇದನ್ನು ಅನುಭವದಿಂದ ಹೇಳುತ್ತಾರೆ, ಹಗುರವಾಗಿ ಕಾಣುವಂತಿಲ್ಲ. ಆದರೆ ಮುಂಬೈಯ 26/11 ದಾಳಿಯನ್ನು ನೋಡಿ. ದಾಳಿಕೋರ ಕಸಬ್ ಜೀವಂತ ಸಿಕ್ಕಿದ್ದು ಲಾಠಿಯಷ್ಟೇ ಹಿಡಿದಿದ್ದ ಪೊಲೀಸ್ ತುಕಾರಾಂ ಓಂಬ್ಳೆ ಗುಂಡುಗಳನ್ನು ಮೈಮೇಲೆ ತೆಗೆದುಕೊಂಡದ್ದರಿಂದ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಆರೋಪಗಳೂ ಅವನ ಮೇಲಿದ್ದವು, ನಿಜ. ಆದರೆ ಅವನನ್ನು ಗಲ್ಲಿಗೆ ಕಳಿಸಿದ್ದು ಪ್ರತ್ಯಕ್ಷದರ್ಶಿಗಳು, ಸಿಸಿಟಿವಿ ದೃಶ್ಯಗಳು, ಪತ್ರಿಕಾ ಛಾಯಾಗ್ರಾಹಕರು ಜೀವದ ಹಂಗು ತೊರೆದು ತೆಗೆದ ಚಿತ್ರಗಳು. ಅವನಿಗೆ ಸರ್ಕಾರವೇ ವಕೀಲರನ್ನು ಕೊಟ್ಟಿತು, ಸುಪ್ರೀಂ ಕೋರ್ಟಿನವರೆಗೆ ಮೇಲ್ಮನವಿ ಹೋಯಿತು. ಅದೇ ವಿಚಾರಣೆಯಲ್ಲಿ ಆರೋಪಿಗಳಾಗಿದ್ದ ಇಬ್ಬರು ಭಾರತೀಯರನ್ನು ಸಾಕ್ಷ್ಯ ಸಾಲದೆಂದು ಖುಲಾಸೆ ಮಾಡಲಾಯಿತು. ಒಂದೇ ನ್ಯಾಯಾಲಯ ಒಂದೇ ತೀರ್ಪಿನಲ್ಲಿ ಎರಡೂ ಕೆಲಸ ಮಾಡಿತು. ಅಷ್ಟಕ್ಕೂ ಮುಂಬೈಯಲ್ಲಿ ಸೋತದ್ದು ಜಾಮೀನಿನ ಕಾನೂನಲ್ಲ. ಕರಾವಳಿ ಕಾವಲು ಸೋತಿತ್ತು, ಪೊಲೀಸರ ಕೈಯಲ್ಲಿದ್ದ ಆಯುಧಗಳು ಸೋತಿದ್ದವು. ಆದರೆ ದಾಳಿ ನಡೆದ ತಿಂಗಳೊಳಗೆ ಸಂಸತ್ತು ಮಾಡಿದ ಕೆಲಸಗಳಲ್ಲಿ ಯುಎಪಿಎಯ ಜಾಮೀನು ನಿಯಮವನ್ನು ಬಿಗಿಗೊಳಿಸಿದ್ದೂ ಒಂದು.

ತಪ್ಪು ಮಾಡದವನಿಗೆ ಭಯವೇಕೆ ಎಂಬ ಮಾತಿಗೆ ಮೈಸೂರು ಜೈಲಿನಿಂದ ಖುಲಾಸೆಯಾಗಿ ಬಂದವರೇ ಉತ್ತರ. ಹೆಚ್ಚು ವಿವರಿಸುವ ಅಗತ್ಯ ಕಾಣುವುದಿಲ್ಲ. ಆದರೆ ಆ ಮಾತಿನ ಹಿಂದೆ ಒಂದು ಊಹೆ ಅಡಗಿದೆ: ಇಂಥ ಕಾನೂನು ಎಂದೆಂದಿಗೂ ಅದು ಯಾರಿಗಾಗಿ ಬಂತೋ ಅವರ ಮೇಲಷ್ಟೇ ಪ್ರಯೋಗವಾಗುತ್ತದೆ ಎಂಬುದು. ನಮ್ಮ ರಾಜ್ಯದ್ದೇ ಗೂಂಡಾ ಕಾಯ್ದೆಯನ್ನು ತೆಗೆದುಕೊಳ್ಳಿ. 1985ರಲ್ಲಿ ಕಳ್ಳಬಟ್ಟಿ, ಜೂಜು, ಗೂಂಡಾಗಿರಿ, ಮಾದಕವಸ್ತು ದಂಧೆಗಳಿಗೆಂದು ಬಂದ ಈ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಕಾಲಕ್ರಮದಲ್ಲಿ ಅದಕ್ಕೆ ಚಲನಚಿತ್ರಗಳ ಕಳ್ಳ ಪ್ರತಿ ಮಾಡುವವರು ಸೇರಿದರು. 2014ರಲ್ಲಿ ಡಿಜಿಟಲ್ ಅಪರಾಧಿಗಳು, ಆ್ಯಸಿಡ್ ದಾಳಿಕೋರರು ಸೇರಿದರು. ಆ್ಯಸಿಡ್ ಎರಚಿದವನ ಮೇಲೆ ಯಾರಿಗೂ ಕನಿಕರವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅವನನ್ನು ವಿಚಾರಣೆ ಮಾಡಿ ಹತ್ತು ವರ್ಷ ಜೈಲಿಗೆ ಕಳಿಸುವ ಬದಲು ವಿಚಾರಣೆಯಿಲ್ಲದೆ ಒಂದು ವರ್ಷ ಕೂಡಿಹಾಕಿದರೆ ಸಂತ್ರಸ್ತೆಗೆ ಸಿಗುವ ನ್ಯಾಯ ಯಾವುದು? ಮುಂಜಾಗ್ರತಾ ಬಂಧನ ತನಿಖೆಯ ಶ್ರಮವನ್ನು ತಪ್ಪಿಸುವ ಅಡ್ಡದಾರಿ. ಅಡ್ಡದಾರಿ ಹಿಡಿದ ಪೊಲೀಸ್ ವ್ಯವಸ್ಥೆ ಸಾಕ್ಷ್ಯ ಕಲೆಹಾಕುವ ಕಸುಬನ್ನೇ ಮರೆಯುತ್ತದೆ, ಆಗ ನಿಜವಾದ ಅಪರಾಧಿಯೂ ತಪ್ಪಿಸಿಕೊಳ್ಳುತ್ತಾನೆ.

ಇಂದಿನ ಸ್ಥಿತಿ ಏನು? ಸರ್ಕಾರವೇ ಸಂಸತ್ತಿಗೆ ಕೊಟ್ಟ ಅಂಕಿಗಳಂತೆ 2016ರಿಂದ 2020ರವರೆಗಿನ ಐದು ವರ್ಷಗಳಲ್ಲಿ ಯುಎಪಿಎ ಅಡಿ 24,134 ಮಂದಿ ಆರೋಪಿಗಳಾದರು. ಶಿಕ್ಷೆಯಾದದ್ದು 212 ಮಂದಿಗೆ, ಖುಲಾಸೆಯಾದವರು 386. ಉಳಿದವರೆಲ್ಲ ನಿರಪರಾಧಿಗಳೆಂದು ನಾನು ಹೇಳುತ್ತಿಲ್ಲ, ಅವರ ಪ್ರಕರಣಗಳು ಆ ಅವಧಿಯಲ್ಲಿ ಇತ್ಯರ್ಥವಾಗಿರಲಿಲ್ಲ. ಆತಂಕ ಹುಟ್ಟಿಸಬೇಕಾದದ್ದು ಅದೇ. ಸಾಮಾನ್ಯ ಪ್ರಕರಣಗಳಲ್ಲಿ 60 ಅಥವಾ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಬೇಕು, ಇಲ್ಲಿ 180 ದಿನಗಳವರೆಗೆ ಅವಕಾಶವಿದೆ. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನಿಲ್ಲ. ಅದನ್ನು ತೀರ್ಮಾನಿಸುವಾಗ ಸಾಕ್ಷ್ಯವನ್ನು ಆಳವಾಗಿ ಒರೆಗೆ ಹಚ್ಚುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಅದೇ ಕೋರ್ಟು ವಿಚಾರಣೆ ವಿಪರೀತ ತಡವಾದರೆ ಜಾಮೀನು ಕೊಡಬಹುದೆಂದಿತು. ಅದು ಆಯಾ ನ್ಯಾಯಾಧೀಶರು ಹೇಗೆ ಓದುತ್ತಾರೆ ಎಂಬುದರ ಮೇಲೆ ನಿಂತಿದೆ. ವಿಚಾರಣೆ ಮುಗಿಯುವ ಮೊದಲೇ ಶಿಕ್ಷೆ ಅನುಭವಿಸಿ ಮುಗಿಯುವ ವ್ಯವಸ್ಥೆಯನ್ನು ನ್ಯಾಯವ್ಯವಸ್ಥೆಯೆಂದು ಒಪ್ಪಿಕೊಳ್ಳಲು ನನ್ನಿಂದ ಸಾಧ್ಯವಿಲ್ಲ. ಅದು ಕಾನೂನಿನ ವೇಷ ತೊಟ್ಟ ಶಂಕೆಯ ಆಡಳಿತ.

ಭದ್ರತೆಯ ಕಾನೂನೇ ಬೇಡವೆಂದು ವಾದಿಸುತ್ತಿಲ್ಲ. ಪಾಲಾರ್‌ನಲ್ಲಿ ಸತ್ತ 22 ಮಂದಿಗೂ ಬದುಕುವ ಸ್ವಾತಂತ್ರ್ಯವಿತ್ತು, ಅದನ್ನು ಕಾಯುವುದು ಸರ್ಕಾರದ ಮೊದಲ ಕರ್ತವ್ಯ. ಕಾಯುವ ಅಧಿಕಾರಕ್ಕೆ ಲೆಕ್ಕ ಒಪ್ಪಿಸುವ ಹೊಣೆ ಅಂಟಿಕೊಂಡಿರಬೇಕು ಎನ್ನುತ್ತಿದ್ದೇನೆ. ಇಂಥ ಪ್ರತಿ ಕಾಯ್ದೆಗೂ ಅವಧಿ ಇರಲಿ, ಟಾಡಾಕ್ಕೆ ಇತ್ತಲ್ಲ. ಅವಧಿ ಇದ್ದುದರಿಂದಲೇ 1995ರಲ್ಲಿ ಸಂಸದರು ಅದನ್ನು ಮುಂದುವರಿಸಬೇಕೇ ಎಂದು ಯೋಚಿಸಬೇಕಾಯಿತು, ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ರಂಗನಾಥ ಮಿಶ್ರ ಬೇಡವೆಂದು ಸಂಸದರಿಗೆ ಪತ್ರ ಬರೆಯಲು ಸಾಧ್ಯವಾಯಿತು. ವಿಚಾರಣೆ ಇಂತಿಷ್ಟು ವರ್ಷದಲ್ಲಿ ಮುಗಿಯದಿದ್ದರೆ ಜಾಮೀನು ಹಕ್ಕಾಗಲಿ, ನ್ಯಾಯಾಧೀಶರ ದಯೆ ಆಗುವುದು ಬೇಡ. ಎಲ್ಲಕ್ಕಿಂತ ಮೊದಲು, ತಪ್ಪಾಗಿ ಕೂಡಿಹಾಕಿದವನಿಗೆ ಸರ್ಕಾರ ಬೆಲೆ ತೆರುವಂತಾಗಲಿ. ಬೆಲೆ ತೆರಬೇಕಾದಾಗ ಮಾತ್ರ ಯಾವ ಇಲಾಖೆಯೂ ಕೈ ಹಾಕುವ ಮುನ್ನ ಯೋಚಿಸುತ್ತದೆ. ಅನ್ಯಾಯದ ಬಂಧನಕ್ಕೆ ಪರಿಹಾರ ಹಕ್ಕೆಂದು ಹೇಳುವ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು 1979ರಲ್ಲಿ ಸೇರುವಾಗ ಭಾರತ ಆ ಅಂಶವೊಂದನ್ನು ಹೊರಗಿಟ್ಟೇ ಸೇರಿತು. ತಪ್ಪು ಮೊಕದ್ದಮೆಗಳಿಗೆ ಬಲಿಯಾದವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತು. 2023ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯನ್ನೇ ಬದಲಿಸಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ತಂದಾಗ ಆ ಶಿಫಾರಸಿಗೆ ಅದರಲ್ಲಿ ಜಾಗ ಸಿಗಲಿಲ್ಲ. ಆಧಾರವಿಲ್ಲದೆ ಬಂಧನ ಮಾಡಿಸಿದವರಿಂದ ಮ್ಯಾಜಿಸ್ಟ್ರೇಟರು ಬಂಧಿತನಿಗೆ ಕೊಡಿಸಬಹುದಾದ ಪರಿಹಾರದ ಮಿತಿ ಹೊಸ ಸಂಹಿತೆಯಲ್ಲೂ ಒಂದು ಸಾವಿರ ರೂಪಾಯಿ.